ವೈದ್ಯರ ಮುಂದೆ ಹೇಳುವುದು ಹೇಗೆ, ಕೇಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕೆಲವನ್ನು ಬಹಳ ದಿನಗಳಿಂದ ಬೇರೆಯಾಗಿ ತೆಗೆದಿಟ್ಟುಕೊಂಡಿದ್ದೆ. ಅವುಗಳಲ್ಲಿ ಕಾಯಿಲೆಯ ಪ್ರಸ್ತಾಪವಿದ್ದರೂ ಕೇಳಿರುವುದು ಕಾಯಿಲೆಯ ಬಗ್ಗೆ ಅಲ್ಲ, ವೈದ್ಯರೊಂದಿಗೆ ಮಾತನಾಡುವ ಬಗ್ಗೆ. ಹೇಳಬೇಕೆಂದುಕೊಂಡದ್ದು ಹೇಳಲಾಗಲಿಲ್ಲ, ಕೇಳಿದರೆ ಡಾಕ್ಟರು ಬೇಸರಪಟ್ಟುಕೊಳ್ಳುತ್ತಾರೋ ಏನೋ, ಅವರು ಹೇಳಿದ್ದು ತಲೆಗೆ ಹತ್ತಲಿಲ್ಲ ಎಂಬ ಸಂಕಟ ಆ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ರೋಗಿಯ ಮಾತಿಗೆ ರಕ್ತಪರೀಕ್ಷೆಯ ವರದಿಯಷ್ಟೇ ತೂಕವಿದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ಮಾತು ಪೂರ್ತಿಯಾಗಿ ವೈದ್ಯರನ್ನು ಮುಟ್ಟದಿದ್ದರೆ ಎಷ್ಟು ದುಬಾರಿಯ ಸ್ಕ್ಯಾನಿಂಗ್ ಮಾಡಿಸಿದರೂ ಚಿಕಿತ್ಸೆ ದಾರಿ ತಪ್ಪಬಹುದು. ಆದ್ದರಿಂದ ಈ ಬಾರಿ ಇಡೀ ಅಂಕಣವನ್ನು ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಗಂಟೆಗಟ್ಟಲೆ ಕಾದು ಒಳಗೆ ಹೋದರೆ ಮೂರೇ ನಿಮಿಷಕ್ಕೆ ಹೊರಗೆ ಬಂದಿರುತ್ತೇವೆ. ಅಮ್ಮ ಮಾತು ಮುಗಿಸುವ ಮೊದಲೇ ಡಾಕ್ಟರು ಚೀಟಿ ಬರೆಯತೊಡಗಿರುತ್ತಾರೆ. ಬಸ್ಸು ಹತ್ತಿದ ಮೇಲೆ ಅಮ್ಮ, "ತಲೆಸುತ್ತಿನ ವಿಷಯ ಹೇಳಲೇ ಇಲ್ಲವಲ್ಲೇ" ಎನ್ನುತ್ತಾರೆ. ಇದಕ್ಕೆ ಏನು ಮಾಡಬೇಕು?
– ಓದುಗರು, ದಾವಣಗೆರೆ

ಉತ್ತರ: ಇದು ನಿಮ್ಮ ತಾಯಿಯವರೊಬ್ಬರ ಅನುಭವವಲ್ಲ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ವೈದ್ಯರು ಮತ್ತು ರೋಗಿಗಳ 74 ಭೇಟಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಹೆಚ್ಚಿನ ಭೇಟಿಗಳಲ್ಲಿ ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಮಾತು ತುಂಡರಿಸಿದ್ದು ಕಂಡುಬಂತು. ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆಯಿತು. ಅಲ್ಲಿ 335 ರೋಗಿಗಳನ್ನು ತಡೆಯದೆ ಮಾತನಾಡಲು ಬಿಟ್ಟರು. ಅವರು ತಾವಾಗಿಯೇ ಮಾತು ನಿಲ್ಲಿಸಲು ತೆಗೆದುಕೊಂಡ ಸಮಯ ಸರಾಸರಿ 92 ಸೆಕೆಂಡು ಮಾತ್ರ ಎಂದು 2002ರಲ್ಲಿ ವರದಿಯಾಯಿತು. ರೋಗಿಗೆ ಮಾತು ಬಿಟ್ಟುಕೊಟ್ಟರೆ ಹೊತ್ತು ಹೋಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ ಎಂಬುದನ್ನು ನನ್ನ ಸಹೋದ್ಯೋಗಿಗಳೂ ಗಮನಿಸಲಿ ಎಂಬ ಆಸೆಯಿಂದಲೇ ಈ ಅಂಕಿಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಆದರೆ ಸರತಿಯಲ್ಲಿ ನೂರು ಜನ ಕಾಯುತ್ತಿರುವ ಹೊರರೋಗಿ ವಿಭಾಗದಲ್ಲಿ ನಾಳೆಯಿಂದಲೇ ಸಮಯ ಹೆಚ್ಚಾಗಿಬಿಡುವುದಿಲ್ಲ. ನಮ್ಮ ಕೈಯಲ್ಲಿರುವುದು ಮಾತಿನ ಅನುಕ್ರಮ. ಹಿಂದಿನ ದಿನ ಸಂಜೆ ತಾಯಿಯವರ ಪಕ್ಕ ಕುಳಿತು, ಹೋದ ಸಲದಿಂದ ಈಚೆಗೆ ಹೊಸದಾಗಿ ಏನು ತೊಂದರೆಯಾಗಿದೆ ಎಂದು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರು ಹತ್ತು ಸಂಗತಿ ಹೇಳಬಹುದು. ಅವುಗಳಲ್ಲಿ ಯಾವುದು ಅವರ ನಿದ್ದೆ ಕೆಡಿಸಿದೆಯೋ, ಯಾವುದರಿಂದ ಅವರಿಗೆ ಭಯವಾಗಿದೆಯೋ ಅದನ್ನು ಮೇಲೆ ಬರೆಯಿರಿ, ವೈದ್ಯರ ಎದುರು ಕುಳಿತ ಕೂಡಲೇ ಅದನ್ನೇ ಮೊದಲು ಹೇಳಿ. ನಮ್ಮ ಜನ ಸಂಕೋಚದಿಂದ ಮೊಣಕಾಲು ನೋವು, ಹಸಿವಿಲ್ಲದಿರುವುದು ಎಂದು ಸಣ್ಣ ದೂರುಗಳಿಂದ ಶುರು ಮಾಡಿ, ಎದೆನೋವಿನಂಥ ಮುಖ್ಯ ಸಂಗತಿಯನ್ನು ಎದ್ದು ಹೊರಡುವಾಗ ಹೇಳುವುದನ್ನು ಪ್ರತಿಯೊಬ್ಬ ವೈದ್ಯರೂ ಕಂಡಿದ್ದಾರೆ. ಆ ಹೊತ್ತಿಗೆ ಮುಂದಿನ ರೋಗಿ ಒಳಗೆ ಬಂದಿರುತ್ತಾರೆ.

ನಿಮ್ಮ ತಾಯಿಯವರ ತಲೆಸುತ್ತನ್ನೇ ತೆಗೆದುಕೊಳ್ಳೋಣ. "ತಲೆ ಸುತ್ತುತ್ತದೆ" ಎಂಬ ಒಂದು ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಅನುಭವಗಳಿರಬಹುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮನೆಯೇ ಗಿರಗಿರನೆ ತಿರುಗಿದಂತಾಗಿ ವಾಂತಿ ಬರುವಂತಾದರೆ ವೈದ್ಯರು ಒಳಕಿವಿಯ ಕಡೆಗೆ ಯೋಚಿಸುತ್ತಾರೆ. ಕುಳಿತಲ್ಲಿಂದ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಕವಿದಂತಾದರೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಯುತ್ತಿದೆಯೇ, ಬಿ.ಪಿ. ಮಾತ್ರೆಯ ಪ್ರಮಾಣ ಹೆಚ್ಚಾಗಿದೆಯೇ ಎಂದು ನೋಡುತ್ತಾರೆ. ತಲೆಯಲ್ಲಿ ಏನೂ ಆಗದೆ ನಡೆಯುವಾಗ ಮಾತ್ರ ತೂರಾಡಿದಂತಾದರೆ ಕಾಲಿನ ನರಗಳನ್ನೂ ಮೆದುಳನ್ನೂ ಪರೀಕ್ಷಿಸಬೇಕಾಗುತ್ತದೆ. ಸಕ್ಕರೆಯ ಮಾತ್ರೆ ನುಂಗಿ ಊಟ ತಡಮಾಡಿದ ದಿನ ಬೆವರು, ನಡುಕದ ಜೊತೆಗೆ ಬಂದ ತಲೆಸುತ್ತು ಇನ್ನೊಂದೇ ಬಗೆಯದು. ಹೀಗಿರುವಾಗ "ಇಪ್ಪತ್ತು ದಿನದಿಂದ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಾತ್ರ, ಒಂದು ನಿಮಿಷ ಕಣ್ಣು ಕತ್ತಲೆ ಬರುತ್ತದೆ, ಮತ್ತೆ ಕುಳಿತರೆ ಸರಿಹೋಗುತ್ತದೆ" ಎಂದು ಹೇಳಿದರೆ ವೈದ್ಯರ ಅರ್ಧ ಕೆಲಸವನ್ನು ನಿಮ್ಮ ತಾಯಿಯವರೇ ಮಾಡಿಕೊಟ್ಟಂತಾಯಿತು. ಇಷ್ಟನ್ನು ಹೇಳಲು ಕಾಲು ನಿಮಿಷ ಸಾಕು.

ಇನ್ನೊಂದು ಮಾತು. ವೈದ್ಯರ ಮುಂದೆ ಅನುಭವವನ್ನು ಹೇಳಬೇಕೇ ಹೊರತು ನಾವೇ ನಿರ್ಧರಿಸಿಕೊಂಡ ಕಾಯಿಲೆಯ ಹೆಸರನ್ನಲ್ಲ. ನಮ್ಮಲ್ಲಿ ಎದೆಯ ಭಾಗದ ಯಾವ ತೊಂದರೆಗೂ "ಗ್ಯಾಸ್ಟ್ರಿಕ್" ಎಂದುಬಿಡುವ ಅಭ್ಯಾಸವಿದೆ. ಊಟವಾದ ಮೇಲೆ ಮಲಗಿದಾಗ ಗಂಟಲಿನ ತನಕ ಹುಳಿ ಬರುವುದಕ್ಕೂ, ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಭಾರ ಹೇರಿದಂತಾಗಿ ಎಡಗೈಗೋ ದವಡೆಗೋ ನೋವು ಹರಿದು ಬೆವರು ಬರುವುದಕ್ಕೂ ಅದೇ ಹೆಸರು. ಎರಡನೆಯದು ಹೃದಯದ ತೊಂದರೆಯಾಗಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಹೃದಯಾಘಾತವಾದಾಗಲೂ ನೋವೇ ಇಲ್ಲದೆ ಏದುಸಿರು, ವಿಪರೀತ ಸುಸ್ತು ಮಾತ್ರ ಕಾಣಿಸಿಕೊಳ್ಳಬಹುದು. ನಿಮ್ಮ ತಾಯಿಯವರಿಗೆ ಎಂದಾದರೂ ಹಾಗಾದರೆ ಎರಡು ತಿಂಗಳ ಸರದಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಪಟ್ಟಿಯ (ಸ್ಟ್ರಿಪ್) ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಮಾತ್ರೆ, ಸಣ್ಣದು" ಎಂದರೆ ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ. ಡಾಕ್ಟರು ಬರೆಯತೊಡಗಿದರೂ "ಸರ್, ಇನ್ನೊಂದು ಮುಖ್ಯ ವಿಷಯ ಇದೆ, ಅದನ್ನು ಕೇಳಿ ಆಮೇಲೆ ಬರೆಯಿರಿ" ಎನ್ನುವುದರಲ್ಲಿ ಯಾವ ಅಗೌರವವೂ ಇಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ. ಅವನು ದಿನಾ ಕುಡಿಯುತ್ತಾನೆ. ಸಕ್ಕರೆ ಕಾಯಿಲೆಗೆ ಮಾತ್ರೆಯ ಜೊತೆ ಪರಿಚಯದವರು ಕೊಟ್ಟ ನಾಟಿ ಪುಡಿಯನ್ನೂ ತೆಗೆದುಕೊಳ್ಳುತ್ತಾನೆ. ಡಾಕ್ಟರು ಕೇಳಿದಾಗ ಎರಡನ್ನೂ ಇಲ್ಲ ಎಂದುಬಿಟ್ಟ. ಹೇಳಿದರೆ ಬೈಯುತ್ತಾರೆ, ಆಪರೇಷನ್ ಮುಂದೆ ಹಾಕುತ್ತಾರೆ ಎಂದು ಅವನ ಹೆದರಿಕೆ. ನಾನಾದರೂ ಹೇಳಬೇಕೇ?
– ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ಖಂಡಿತ ಹೇಳಬೇಕು, ಇವತ್ತೇ ಹೇಳಬೇಕು. ಸಾಧ್ಯವಾದರೆ ತಮ್ಮನೇ ಹೇಳುವಂತೆ ಒಪ್ಪಿಸಿ, ಒಪ್ಪದಿದ್ದರೆ ನೀವು ಹೇಳಿ. ಅದಕ್ಕಿಂತ ಮೊದಲು ಒಂದು ಎಚ್ಚರಿಕೆ: ಆಪರೇಷನ್ ಇದೆಯೆಂದು ದಿನಾ ಕುಡಿಯುವವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ಬಿಟ್ಟುಬಿಡುವುದು ಅಪಾಯಕರ. ವೈದ್ಯರ ನೆರವಿನಿಂದ ಬಿಡಬೇಕು.

ಅದೇಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವರ್ಷಗಟ್ಟಲೆ ದಿನವೂ ಮದ್ಯ ಸೇವಿಸಿದವರ ಮೆದುಳು ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಆಸ್ಪತ್ರೆಗೆ ಸೇರಿದ ದಿನದಿಂದ ಕುಡಿತ ಹಠಾತ್ತನೆ ನಿಂತುಹೋಗುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಶುರುವಾಗಿ, ಕೆಲವರಲ್ಲಿ ಫಿಟ್ಸ್ ಬರುತ್ತದೆ, ಇಲ್ಲದ್ದು ಕಣ್ಣಿಗೆ ಕಾಣಿಸುತ್ತದೆ, ತಾವು ಎಲ್ಲಿದ್ದೇವೆ ಎಂಬುದೇ ತಿಳಿಯದೆ ಡ್ರಿಪ್ಪಿನ ಸೂಜಿ ಕಿತ್ತೆಸೆದು ಎದ್ದು ಓಡಲು ನೋಡುತ್ತಾರೆ. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿರುವಾಗ ಇದು ಪ್ರಾಣಕ್ಕೇ ಎರವಾಗಬಹುದು. ವಿಷಯ ಮೊದಲೇ ಗೊತ್ತಿದ್ದರೆ ಇದನ್ನು ತಡೆಯುವ ಔಷಧಗಳಿವೆ. ಗೊತ್ತಿಲ್ಲದಿದ್ದರೆ, ಸೋಂಕು ತಗುಲಿತೇ, ಮೆದುಳಿಗೆ ಏನಾದರೂ ಆಯಿತೇ ಎಂದು ಹುಡುಕುವುದರಲ್ಲೇ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. "ಸ್ವಲ್ಪ ತೆಗೆದುಕೊಳ್ಳುತ್ತಾನೆ" ಎಂದರೆ ಸಾಲದು. ಯಾವ ಮದ್ಯ, ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬಷ್ಟನ್ನೂ ಹೇಳಿ. ಬೀಡಿ, ಗುಟ್ಕಾ, ತಂಬಾಕು ಇದ್ದರೆ ಅದನ್ನೂ ಸೇರಿಸಿ. ಅರಿವಳಿಕೆ ತಜ್ಞರಿಗೆ ಈ ಲೆಕ್ಕ ಬೇಕು.

ಪುಡಿಯ ವಿಷಯವೂ ಹಗುರವಾದುದಲ್ಲ. ಹೆಸರು, ವಿಳಾಸ ಇಲ್ಲದ ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು, ಸೀಸ, ಪಾದರಸಗಳಂಥ ಲೋಹಗಳಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸ್ಟೀರಾಯ್ಡ್ ಇದ್ದರೆ ಸಕ್ಕರೆ ಏರುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಪುಡಿಯನ್ನು ಪೊಟ್ಟಣದ ಸಮೇತ ವೈದ್ಯರಿಗೆ ತೋರಿಸಿ. ಬೈಗುಳದ ಬಗ್ಗೆ ನಾನು ಹೇಳುವುದಿಷ್ಟೇ: ಕೆಲವು ವೈದ್ಯರು ಬೈಯುತ್ತಾರೆ, ಅದು ಸರಿಯಲ್ಲ. ಹಾಗೆ ಬೈಯುವುದರಿಂದಲೇ ರೋಗಿಗಳು ಮುಚ್ಚಿಡುವುದನ್ನು ಕಲಿತಿದ್ದಾರೆ. ಹೀಗಿದ್ದರೂ ಒಂದು ಬೈಗುಳಕ್ಕೆ ಹೆದರಿ ತಮ್ಮನ ಜೀವವನ್ನು ಪಣಕ್ಕಿಡಬೇಡಿ.

ಇದೇ ಸಂದರ್ಭದಲ್ಲಿ ಎಲ್ಲ ಓದುಗರಿಗೂ ಒಂದು ವಿನಂತಿ. ಬೆಲೆ ಹೆಚ್ಚೆಂದು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರೆ ಅದನ್ನೂ ಹೇಳಿಬಿಡಿ. ನೀವು ದಿನವೂ ನುಂಗುತ್ತಿದ್ದೀರೆಂದು ನಂಬಿದ ವೈದ್ಯರು, ಬಿ.ಪಿ. ಇಳಿಯದಿರುವುದನ್ನು ಕಂಡು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಖರ್ಚು ಇನ್ನೂ ಹೆಚ್ಚುತ್ತದೆ. "ಇಷ್ಟು ದುಡ್ಡು ನನ್ನಿಂದಾಗದು, ಕಡಿಮೆ ಬೆಲೆಯದು ಇದೆಯೇ" ಎಂದು ಕೇಳಿದರೆ ಅನೇಕ ಔಷಧಗಳನ್ನು ಜೆನೆರಿಕ್ ಹೆಸರಿನಲ್ಲಿ, ಅಂದರೆ ಕಂಪನಿಯ ಬ್ರಾಂಡಿನ ಬದಲು ಔಷಧದ ಮೂಲ ಹೆಸರಿನಲ್ಲಿ, ಬರೆದುಕೊಡಲು ಸಾಧ್ಯವಿದೆ.

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಈಚೆಗೆ ಎರಡು ಸಲ ರಕ್ತದ ಕಲೆ ಕಂಡಿತು. ನಮ್ಮೂರ ಆಸ್ಪತ್ರೆಯಲ್ಲಿರುವವರು ಗಂಡು ಡಾಕ್ಟರು. ಯಜಮಾನರು, ಅತ್ತೆ ಜೊತೆಗೇ ಬರುತ್ತಾರೆ. ಅವರೆಲ್ಲರ ಎದುರು ಬಾಯಿ ಬರಲಿಲ್ಲ, ಸೊಂಟನೋವು ಎಂದು ಹೇಳಿ ಮಾತ್ರೆ ತಂದೆ.
– ಹೆಸರು ಬೇಡ, ಉತ್ತರ ಕನ್ನಡ

ಉತ್ತರ: ತಾಯಿ, ಇದನ್ನು ಮುಂದಕ್ಕೆ ಹಾಕಬೇಡಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ಕಂಡರೂ ಪರೀಕ್ಷೆ ಮಾಡಿಸಲೇಬೇಕು. ಬಹಳಷ್ಟು ಸಲ ಕಾರಣ ಸಣ್ಣದೇ ಆಗಿರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೂಡ ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತದೆ, ಮತ್ತು ಬೇಗ ಗೊತ್ತಾದರೆ ಅದನ್ನು ಗುಣಪಡಿಸುವ ಅವಕಾಶ ಚೆನ್ನಾಗಿದೆ.

ಬಾಯಲ್ಲಿ ಹೇಳಲು ಆಗದಿದ್ದರೆ ನಿಮ್ಮ ಪತ್ರದಲ್ಲಿ ಬರೆದ ಆ ಎರಡು ವಾಕ್ಯಗಳನ್ನೇ ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಅಷ್ಟೇ ಸಾಕು. ಒಳಗೆ ಹೋಗುವ ಮೊದಲು ನರ್ಸಮ್ಮನ ಬಳಿ "ನಾನು ಒಬ್ಬಳೇ ಮಾತನಾಡಬೇಕು" ಎಂದು ಹೇಳಿದರೆ, ಮನೆಯವರನ್ನು ಹೊರಗೆ ಕೂರಿಸುವ ಕೆಲಸವನ್ನು ಅವರೇ ಮಾಡುತ್ತಾರೆ. ಯಜಮಾನರಿಗೆ ನೀವು ವಿವರಣೆ ಕೊಡಬೇಕಾದ ಪ್ರಸಂಗ ಬರುವುದಿಲ್ಲ. ಗಂಡು ವೈದ್ಯರು ಹೆಣ್ಣುಮಕ್ಕಳನ್ನು ದೇಹಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕೆಂದು ಕೇಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಪ್ರಕಟಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಕರಡಿನಲ್ಲಿ ಇದು ಸ್ಪಷ್ಟವಾಗಿ ಇದೆ. ಅಲ್ಲಿ ಆಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಂಥ ಮಾತು ಕೇಳುವುದು ಅವರಿಗೆ ಹೊಸತಲ್ಲ. ಬಿಳಿಮುಟ್ಟು, ಕೆಮ್ಮಿದಾಗ ಮೂತ್ರ ಹೋಗುವುದು, ಗಂಡ ಹೆಂಡಿರ ಕೂಟದಲ್ಲಿ ನೋವು, ಇವುಗಳನ್ನು ವರ್ಷಗಟ್ಟಲೆ ಸಹಿಸಿಕೊಂಡು ಬೆನ್ನುನೋವಿನ ಮಾತ್ರೆ ನುಂಗುತ್ತಿರುವ ಎಲ್ಲ ತಾಯಂದಿರಿಗೂ ಈ ಉತ್ತರ ಅನ್ವಯಿಸುತ್ತದೆ.

ಪ್ರಶ್ನೆ: ಡಾಕ್ಟರು ಹೇಳಿದ್ದೆಲ್ಲ ಆಗ ಅರ್ಥವಾದಂತೆ ಇರುತ್ತದೆ, ಮನೆಗೆ ಬಂದರೆ ಮರೆತಿರುತ್ತೇನೆ. ಚೀಟಿ ನೋಡಿದರೆ ಅಕ್ಷರ ತಿಳಿಯುವುದಿಲ್ಲ.
– ನಿವೃತ್ತ ಶಿಕ್ಷಕರು, ಚಾಮರಾಜನಗರ

ಉತ್ತರ: ಮೇಷ್ಟ್ರೇ, ವೈದ್ಯರು ನೀಡಿದ ಮಾಹಿತಿಯಲ್ಲಿ ಶೇಕಡಾ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು 2003ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವೊಂದು ಹೇಳುತ್ತದೆ. ಆತಂಕದಲ್ಲಿರುವ ಮನಸ್ಸು ಮೊದಲ ಮಾತನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಇದಕ್ಕೆ ಮದ್ದು ನಿಮ್ಮ ವೃತ್ತಿಯಲ್ಲೇ ಇದೆ. ಪಾಠ ಅರ್ಥವಾಯಿತೇ ಎಂದರೆ ಮಕ್ಕಳು ಹೌದೆನ್ನುತ್ತಾರೆ, ಎದ್ದು ನಿಂತು ಹೇಳು ಎಂದಾಗಲೇ ನಿಜ ಗೊತ್ತಾಗುವುದು. ಹಾಗೆಯೇ ಏಳುವ ಮೊದಲು "ನಾನು ತಿಳಿದುಕೊಂಡದ್ದು ಸರಿಯೇ ನೋಡಿ ಡಾಕ್ಟ್ರೇ, ಇದು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಇದು ರಾತ್ರಿ ಊಟವಾದ ಮೇಲೆ, ಇದು ನೋವಿದ್ದರೆ ಮಾತ್ರ" ಎಂದು ಒಪ್ಪಿಸಿಬಿಡಿ. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಸ್‌ಒಎಸ್ ಎಂದರೆ ಅಗತ್ಯ ಬಿದ್ದಾಗ ಮಾತ್ರ. ಔಷಧಗಳನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ, ಜೆನೆರಿಕ್ ಹೆಸರಿನಿಂದ ಬರೆಯಬೇಕೆಂದು ವೈದ್ಯರ ವೃತ್ತಿ ನಿಯಮಾವಳಿಗೆ 2016ರಲ್ಲಿ ತಿದ್ದುಪಡಿಯಾಗಿದೆ. ಆದ್ದರಿಂದ ಇನ್ನೊಮ್ಮೆ ಬರೆದುಕೊಡಿ ಎಂದು ಕೇಳಲು ಹಿಂಜರಿಯಬೇಕಿಲ್ಲ. ಇದು ಬರಿಯ ಅನುಕೂಲದ ಮಾತಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರದಲ್ಲಿ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ತಪ್ಪು ತಿಳಿದು ದಿನವೂ ನುಂಗಿದವರಿಗೆ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಸಾವು ಸಂಭವಿಸಿದ್ದೂ ಇದೆ. ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಎಂದು ಹೆಸರು ಮೂರಾದರೂ ಒಳಗಿರುವುದು ಪ್ಯಾರಾಸಿಟಮಾಲ್ ಒಂದೇ. ಇಬ್ಬರು ವೈದ್ಯರು ಬರೆದರೆಂದು ಎರಡನ್ನೂ ನುಂಗಿದರೆ ಯಕೃತ್ತಿಗೆ ಅಪಾಯ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಬೇಕು. ಚೀಟಿಯಲ್ಲಿ ಇಂಥ ವಿವರಗಳಿಗೆ ಜಾಗವಿರುವುದಿಲ್ಲವಾದ್ದರಿಂದ ಕೇಳಿ ತಿಳಿದು, ಮಾತ್ರೆಯ ಪಟ್ಟಿಯ ಮೇಲೆಯೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅಪ್ಪ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ವಾರ್ಡಿನ ಕಿರಿಯ ವೈದ್ಯರಿಗೆ ಕನ್ನಡ ಬರುವುದಿಲ್ಲ. ನಾನೇ ನಡುವೆ ನಿಂತು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಕ್ಯಾನ್ಸರ್ ಎಂದು ಅಪ್ಪನಿಗೆ ತಿಳಿಸಬಾರದೆಂದು ಅಣ್ಣನ ಕಟ್ಟಪ್ಪಣೆ. ಅಪ್ಪ ಕೇಳಿದ್ದನ್ನು ಡಾಕ್ಟರಿಗೆ ಹೇಳದೆ, ಡಾಕ್ಟರು ಹೇಳಿದ್ದನ್ನು ಅಪ್ಪನಿಗೆ ಹೇಳದೆ ಸಾಕಾಗಿದೆ.
– ಓದುಗರು, ತುಮಕೂರು

ಉತ್ತರ: ನಿಮ್ಮ ಮೇಲೆ ಎರಡು ಹೊರೆಗಳು ಬಿದ್ದಿವೆ. ಅವುಗಳನ್ನು ಬೇರ್ಪಡಿಸಿ ನೋಡೋಣ.

ಭಾಷೆಯ ಹೊರೆಯನ್ನು ಆಸ್ಪತ್ರೆಯೊಂದಿಗೆ ಹಂಚಿಕೊಳ್ಳಿ. ಕರ್ನಾಟಕದ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸ್, ಹಿರಿಯ ವೈದ್ಯರು ಅಥವಾ ಸಮಾಜ ಕಾರ್ಯಕರ್ತರು ಇದ್ದೇ ಇರುತ್ತಾರೆ. ಮುಖ್ಯ ನಿರ್ಧಾರಗಳ ದಿನ ಅವರಲ್ಲೊಬ್ಬರು ಹಾಜರಿರಬೇಕೆಂದು ಮೊದಲೇ ಕೇಳಿ. ಮನೆಯವರು ಮಾತು ದಾಟಿಸುವಾಗ, ಪ್ರೀತಿಯಿಂದಲೇ ಆದರೂ, ಅರ್ಧವನ್ನು ನುಂಗಿಬಿಡುತ್ತಾರೆ. "ಉಚ್ಚೆ ಹೊಯ್ಯುವಾಗ ಉರಿ, ಕಟ್ಟಿದಂತಾಗುತ್ತದೆ" ಎಂದು ಅಪ್ಪ ಹೇಳಿದ್ದು, ಮಗಳ ಬಾಯಲ್ಲಿ ಸಂಕೋಚದಿಂದ "ಸ್ವಲ್ಪ ತೊಂದರೆ" ಎಂದಾಗುತ್ತದೆ. ಚಿಕ್ಕ ಮಕ್ಕಳನ್ನಂತೂ ಈ ಕೆಲಸಕ್ಕೆ ನಿಲ್ಲಿಸಬಾರದು. ವಿದೇಶದಲ್ಲಿ ಮಕ್ಕಳ ಮನೆಗೆ ಹೋಗುವ ಹಿರಿಯರಿಗೂ ಇದು ನೆನಪಿರಲಿ: ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿಯೂ, ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳಲ್ಲಿಯೂ ರೋಗಿಯಿಂದ ಹಣ ಪಡೆಯದೆ ದುಭಾಷಿಯನ್ನು ಒದಗಿಸುವ ವ್ಯವಸ್ಥೆಯಿದೆ. "ಕನ್ನಡ ದುಭಾಷಿ ಬೇಕು" ಎಂದು ಸಮಯ ಗೊತ್ತುಮಾಡುವಾಗಲೇ ಹೇಳಬೇಕು.

ಎರಡನೆಯದು ಮುಚ್ಚಿಡುವ ಹೊರೆ. ನಿಮ್ಮ ಅಣ್ಣನವರ ಉದ್ದೇಶ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಕೂದಲು ಉದುರುವ ಔಷಧ ಹಾಕಿಸಿಕೊಳ್ಳುತ್ತಿರುವ, ಕ್ಯಾನ್ಸರ್ ವಾರ್ಡಿನ ಫಲಕವನ್ನು ದಿನವೂ ನೋಡುತ್ತಿರುವ ಮನುಷ್ಯನಿಗೆ ಏನೂ ಗೊತ್ತಿಲ್ಲ ಎಂದು ಭಾವಿಸುವುದು ಕಷ್ಟ. ಗೊತ್ತಿದ್ದೂ ಮಕ್ಕಳ ಸಲುವಾಗಿ ಸುಮ್ಮನಿರುವ ತಂದೆಯರು ಅನೇಕರು. ಆಸ್ತಿಯ ವಿಷಯ, ಮೊಮ್ಮಗಳ ಮದುವೆ, ಚಿಕಿತ್ಸೆಯನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂಬ ಮಾತು, ಇವೆಲ್ಲವೂ ಆಗ ಅವರ ಎದೆಯಲ್ಲೇ ಉಳಿಯುತ್ತವೆ. ಒಮ್ಮೆಲೇ ಎಲ್ಲವನ್ನೂ ಹೇಳಿಬಿಡಿ ಎಂದು ನಾನು ಹೇಳುತ್ತಿಲ್ಲ. "ಅಪ್ಪಾ, ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕು ಅನಿಸುತ್ತದೆ? ಡಾಕ್ಟರು ನಿಮ್ಮ ಹತ್ತಿರವೇ ಮಾತಾಡಲಾ, ನಮ್ಮ ಹತ್ತಿರ ಮಾತಾಡಿದರೆ ಸಾಕಾ?" ಎಂದು ವೈದ್ಯರ ಎದುರಿನಲ್ಲಿ ಅವರನ್ನೇ ಕೇಳಿ. ಅವರು ಕೊಡುವ ಉತ್ತರದಂತೆ ನಡೆದುಕೊಳ್ಳಿ. ಅಣ್ಣನವರೂ ಆ ಮಾತಿಗೆ ಒಪ್ಪುತ್ತಾರೆಂದು ನನ್ನ ಭಾವನೆ.

ಪ್ರಶ್ನೆ: ನನ್ನ ಹೆಂಡತಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಬೆಳಿಗ್ಗೆ ಐದು ಕಾಗದಗಳಿಗೆ ಸಹಿ ಹಾಕಿಸಿಕೊಂಡರು, ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಈಗ ಬೇರೆ ಕಡೆ ತೋರಿಸಲು ಕೇಸ್ ಶೀಟಿನ ಪ್ರತಿ ಕೇಳಿದರೆ, ಅದೆಲ್ಲ ಕೊಡುವುದಿಲ್ಲ ಎನ್ನುತ್ತಾರೆ. ಜಗಳವಾಡುವ ಮನಸ್ಸಿಲ್ಲ.
– ಓದುಗರು, ಮಂಡ್ಯ

ಉತ್ತರ: ಜಗಳದ ಅಗತ್ಯವಿಲ್ಲ, ಒಂದು ಅರ್ಜಿ ಸಾಕು. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಿಯಮಾವಳಿಯ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕು, ಮತ್ತು ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದಾಗ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಹೆಂಡತಿಯವರೇ ಸಹಿ ಹಾಕಿ, ಆಸ್ಪತ್ರೆಯ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ನಮೂದಿಸಿ, "ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪರೀಕ್ಷಾ ವರದಿಗಳ ಪ್ರತಿ ಬೇಕು" ಎಂದು ಎರಡು ಪ್ರತಿಗಳಲ್ಲಿ ಬರೆದು ವೈದ್ಯಕೀಯ ಅಧೀಕ್ಷಕರಿಗೆ ಕೊಡಿ. ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಕಲಿನ ವೆಚ್ಚ ಕೇಳಿದರೆ ಕೊಡಿ. ಆಗಲೂ ಕೊಡದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ದೂರು ಪರಿಹಾರದ ಪ್ರಾಧಿಕಾರ ಜಿಲ್ಲೆಯಲ್ಲೇ ಇದೆ. ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಆದರೆ ಹೆಚ್ಚಿನ ಕಡೆ ಲಿಖಿತ ಅರ್ಜಿ ಬಂದ ಕೂಡಲೇ ಕೆಲಸವಾಗುವುದನ್ನು ನಾನು ಕಂಡಿದ್ದೇನೆ.

ಸಹಿಯ ವಿಷಯಕ್ಕೆ ಬರುತ್ತೇನೆ. ಒಪ್ಪಿಗೆ ಎಂದರೆ ಕಾಗದದ ಮೇಲಿನ ಸಹಿಯಲ್ಲ, ರೋಗಿಗೆ ವಿಷಯ ತಿಳಿದ ಮೇಲೆ ಕೊಡುವ ಸಮ್ಮತಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತು. ಲ್ಯಾಪರೊಸ್ಕೋಪಿ (ಹೊಟ್ಟೆಯೊಳಗೆ ಸಣ್ಣ ದುರ್ಬೀನು ತೂರಿಸಿ ನೋಡುವ) ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವಕ್ಕೆ ಅಪಾಯವಿಲ್ಲದಿರುವಾಗ, ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲಾಗದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಅನ್ವಯಿಸದು ಎಂದು ನ್ಯಾಯಾಲಯ ತೀರ್ಪಿತ್ತಿತು. ಆದ್ದರಿಂದ ಇನ್ನು ಮುಂದೆ ಸಹಿ ಹಾಕುವ ಮೊದಲು, ಏನು ಮಾಡುತ್ತೀರಿ, ಏಕೆ ಬೇಕು, ಇದರಿಂದ ಆಗಬಹುದಾದ ತೊಂದರೆಗಳೇನು, ಬೇರೆ ದಾರಿ ಇದೆಯೇ, ಈಗ ಮಾಡಿಸದಿದ್ದರೆ ಏನಾಗುತ್ತದೆ ಎಂದು ಕೇಳಿ, ಕನ್ನಡದಲ್ಲಿ ವಿವರಿಸಲು ಹೇಳಿ. ಸಹಿ ಹಾಕಬೇಕಾದವರು ನೀವಲ್ಲ, ನಿಮ್ಮ ಹೆಂಡತಿಯವರು. ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ಗಂಡನ ಸಹಿಯನ್ನೇ ಮೊದಲು ಕೇಳುತ್ತಾರೆ. ಈ ರೂಢಿ ಹೋಗಬೇಕು.

ಪ್ರಶ್ನೆ: ಬೇರೆ ವೈದ್ಯರ ಅಭಿಪ್ರಾಯ ಪಡೆದರೆ ಈಗಿನ ವೈದ್ಯರಿಗೆ ಅವಮಾನ ಮಾಡಿದಂತಾಗುವುದಿಲ್ಲವೇ? ಹದಿನೈದು ವರ್ಷಗಳಿಂದ ಅವರಲ್ಲಿಗೇ ಹೋಗುತ್ತಿದ್ದೇವೆ.
– ಓದುಗರು, ಉಡುಪಿ

ಉತ್ತರ: ಆಗುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಜೀವಮಾನವಿಡೀ ನುಂಗಬೇಕಾದ ಔಷಧ, ಇಂಥ ಸಂದರ್ಭಗಳಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ವೈದ್ಯರೂ ತಮ್ಮ ಮನೆಯವರಿಗಾಗಿ ಮಾಡುವ ಕೆಲಸ. ಕದ್ದು ಹೋಗುವುದಕ್ಕಿಂತ "ನಿಮ್ಮ ಮೇಲೆ ನಂಬಿಕೆ ಇದೆ, ಮನೆಯವರ ಸಮಾಧಾನಕ್ಕಾಗಿ ಇನ್ನೊಬ್ಬರಿಗೂ ತೋರಿಸುತ್ತೇವೆ, ಒಂದು ಪತ್ರ ಬರೆದುಕೊಡಿ" ಎಂದು ನೇರವಾಗಿ ಕೇಳುವುದೇ ಲೇಸು. ಆ ಪತ್ರ ಮತ್ತು ಹಳೆಯ ವರದಿಗಳಿದ್ದರೆ ಅವೇ ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ಎರಡನೆಯವರು ಬೇರೆ ಮಾತು ಹೇಳಿದರೆ ಅದನ್ನು ಬರೆಯಿಸಿಕೊಂಡು ಮತ್ತೆ ಮೊದಲಿನವರ ಬಳಿಗೇ ಹೋಗಿ, ಇಬ್ಬರ ಅಭಿಪ್ರಾಯ ಎಲ್ಲಿ ಭಿನ್ನವಾಗಿದೆ, ಏಕೆ ಎಂದು ಕೇಳಿ. ಹದಿನೈದು ವರ್ಷಗಳಿಂದ ನಿಮ್ಮನ್ನು ಬಲ್ಲವರು ಆ ಪ್ರಶ್ನೆಗೆ ಉತ್ತರಿಸಲು ಎಲ್ಲರಿಗಿಂತ ಹೆಚ್ಚು ಅರ್ಹರು.